ಪೋರ್ಟಲ್ 2: ಒಬ್ಬರೇ ಆಡಿದಾಗ, ಕೂಡಿ ಆಡಿದಾಗ

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಗುಂಪಿನಲ್ಲಿ ನಾಲ್ವರಿದ್ದೇವೆ. ಮೂವರು ಬಸವಕಲ್ಯಾಣದಲ್ಲೇ ರೂಮ್ ಮಾಡಿಕೊಂಡಿದ್ದೇವೆ. ನಾಲ್ಕನೆಯವನು ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬಂದವನು. ದಿನಾ ಹುಮನಾಬಾದ್‌ನಿಂದ ಬಸ್ಸಿಗೆ ಬಂದು ಹೋಗುತ್ತಾನೆ. ಈ ಲೇಖನ ‘ಪೋರ್ಟಲ್ 2’ ಎಂಬ ಒಗಟಿನ ವಿಡಿಯೋ ಗೇಮ್ ಬಗ್ಗೆ. ಅದನ್ನು ಒಬ್ಬರೇ ಆಡಿದರೆ ಏನು ಸಿಗುತ್ತೆ, ಕೂಡಿ ಆಡಿದರೆ ಏನು ಸಿಗುತ್ತೆ, ಮತ್ತು ನಾವು ಮೂವರು ಆ ನಾಲ್ಕನೆಯವನ ಜೊತೆ ಆಡುವಾಗ ಎಲ್ಲಿ ಎಡವಿದ್ವಿ ಅನ್ನೋದನ್ನ ಹೇಳ್ತೀವಿ.

‘ಓದೋದು ಬಿಟ್ಟು ಗೇಮ್ ಬಗ್ಗೆ ಬರೀತಾರೆ’ ಅನ್ನೋರಿಗೆ ಮೊದಲೇ ಒಂದು ಮಾತು. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಕೊನೆಯ ಇಪ್ಪತ್ತು ಆಟಗಳಿಗೇ ಮೀಸಲು. ರಾಜ್ಯ ನಡೆಸೋ ವಿಷಯದ ಜೊತೆಗೇ ಆಟಕ್ಕೂ ಜಾಗ ಕೊಟ್ಟ ಊರಿದು. ನಾವು ಕೇಳ್ತಿರೋದು ಒಂದು ಪುಟ ಅಷ್ಟೇ.

ಆಟ ಏನು?

ಕೈಯಲ್ಲಿ ಒಂದು ಯಂತ್ರ ಇರುತ್ತೆ. ಅದರಿಂದ ಗೋಡೆಯ ಮೇಲೆ ಎರಡು ಬಾಗಿಲು ತೆರೆಯಬಹುದು, ಒಂದು ನೀಲಿ, ಇನ್ನೊಂದು ಕಿತ್ತಳೆ. ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಗೆ ಬರ್ತೀರಿ. ಈ ಬಾಗಿಲುಗಳೇ ಪೋರ್ಟಲ್. ಎಲ್ಲ ಗೋಡೆಯ ಮೇಲೂ ಅವು ಮೂಡಲ್ಲ, ಮುಖ್ಯವಾಗಿ ಬಿಳಿ ಗೋಡೆಗಳ ಮೇಲೆ ಮಾತ್ರ. ಒಂದೊಂದು ಕೋಣೆಗೂ ‘ಟೆಸ್ಟ್ ಚೇಂಬರ್’ ಅಂತ ಹೆಸರು. ನೆಲದಲ್ಲಿ ದೊಡ್ಡ ಬಟನ್ ಇರುತ್ತೆ, ಅದರ ಮೇಲೆ ಒಂದು ಭಾರದ ಡಬ್ಬಿ ತಂದಿಟ್ಟರೆ ಬಾಗಿಲು ತೆರೆಯುತ್ತೆ. ಆ ಡಬ್ಬಿಯನ್ನು ಅಲ್ಲಿಗೆ ತರೋದು ಹೇಗೆ, ನೀವು ಬಾಗಿಲಿಗೆ ಹೋಗೋದು ಹೇಗೆ, ಅದೇ ಒಗಟು.

ಮೊದಲ ‘ಪೋರ್ಟಲ್’ 2007ರ ಅಕ್ಟೋಬರ್‌ನಲ್ಲಿ ಬಂತು, ಎರಡನೆಯದು 2011ರ ಏಪ್ರಿಲ್‌ನಲ್ಲಿ. ಎರಡೂ ವಾಲ್ವ್ ಕಂಪನಿಯವು. ಆದರೆ ಎರಡರ ಬೇರೂ ಒಂದು ಕಾಲೇಜಿನಲ್ಲಿದೆ. ಅಮೆರಿಕದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ‘ನಾರ್ಬಾಕ್ಯುಲರ್ ಡ್ರಾಪ್’ ಅಂತ ಒಂದು ಪ್ರಾಜೆಕ್ಟ್ ಮಾಡಿದ್ರು. ಎರಡು ಬಾಗಿಲಿನ ಈ ಐಡಿಯಾ ಅವರದು. ವಾಲ್ವ್ ಆ ತಂಡವನ್ನೇ ಕೆಲಸಕ್ಕೆ ತಗೊಂಡಿತು. ಎರಡನೇ ಭಾಗದಲ್ಲಿ ಬರೋ ಬಣ್ಣದ ದ್ರವಗಳೂ ಅದೇ ಸಂಸ್ಥೆಯ ಇನ್ನೊಂದು ವಿದ್ಯಾರ್ಥಿ ತಂಡದ ‘ಟ್ಯಾಗ್: ದಿ ಪವರ್ ಆಫ್ ಪೇಂಟ್’ ಎಂಬ ಆಟದಿಂದ ಬಂದವು. ಪ್ರಾಜೆಕ್ಟ್ ಅಂದರೆ ರಿಪೋರ್ಟ್ ಬೈಂಡ್ ಮಾಡಿಸೋದು ಅಂತಷ್ಟೇ ತಿಳಿದ ನಮ್ಮಂಥವರಿಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ಸುದ್ದಿನೇ.

ಬೀಳೋದೂ ಒಂದು ಲೆಕ್ಕ

ಆಟದ ತಿರುಳು ಇದು: ಎಷ್ಟು ವೇಗದಲ್ಲಿ ಒಳಗೆ ಹೋದಿರೋ ಅಷ್ಟೇ ವೇಗದಲ್ಲಿ ಹೊರಗೆ ಬರ್ತೀರಿ, ದಿಕ್ಕು ಮಾತ್ರ ಬದಲು. ಒಂದು ಪೋರ್ಟಲ್ ನೆಲದಲ್ಲಿ, ಇನ್ನೊಂದು ಎದುರಿನ ಗೋಡೆಯಲ್ಲಿ ಇದೆ ಅನ್ಕೊಳ್ಳಿ. ಭೂಮಿಯ ಗುರುತ್ವದ ಲೆಕ್ಕ ಹಿಡಿದರೆ, 5 ಮೀಟರ್ ಎತ್ತರದಿಂದ ನೆಲದ ಪೋರ್ಟಲ್‌ಗೆ ಬಿದ್ದವನ ವೇಗ ಸೆಕೆಂಡಿಗೆ ಸುಮಾರು 9.9 ಮೀಟರ್. ಗೋಡೆಯ ಪೋರ್ಟಲ್ ನೆಲದಿಂದ 5 ಮೀಟರ್ ಮೇಲಿದ್ದರೆ, ಅವನು ಅಡ್ಡಕ್ಕೆ ಹಾರಿ ಸುಮಾರು 10 ಮೀಟರ್ ದೂರ ಹೋಗಿ ಬೀಳ್ತಾನೆ. 20 ಮೀಟರ್ ದೂರ ಬೇಕಾದರೆ? ಎರಡು ಪಟ್ಟು ಎತ್ತರದಿಂದ ಬಿದ್ದರೆ ಸಾಲದು, ನಾಲ್ಕು ಪಟ್ಟು, ಅಂದರೆ 20 ಮೀಟರ್‌ನಿಂದ ಬೀಳಬೇಕು. ವೇಗ ಎತ್ತರದ ವರ್ಗಮೂಲದ ಜೊತೆ ಏರುತ್ತೆ ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ವಿ. ಇಲ್ಲಿ ಹತ್ತು ಸಲ ಹಳ್ಳಕ್ಕೆ ಬಿದ್ದ ಮೇಲೆ ಅರ್ಥ ಆಯ್ತು.

ಒಂದು ಪೋರ್ಟಲ್ ನೆಲದಲ್ಲಿ, ಇನ್ನೊಂದು ಸರಿಯಾಗಿ ಅದರ ಮೇಲೆ ಛಾವಣಿಯಲ್ಲಿ ಇಟ್ಟರೆ ಬೀಳ್ತಾನೇ ಇರ್ತೀರಿ. ಶಕ್ತಿ ಎಲ್ಲಿಂದ ಬಂತು ಅಂತ ಥರ್ಮೊಡೈನಮಿಕ್ಸ್ ಮೇಷ್ಟ್ರನ್ನ ಕೇಳಬೇಡಿ.

ಎರಡನೇ ಭಾಗ ಇದಕ್ಕೆ ಹೊಸ ಸಾಮಾನುಗಳನ್ನು ಸೇರಿಸುತ್ತೆ. ಕನ್ನಡದಲ್ಲಿ ಸಬ್‌ಟೈಟಲ್ ಇಲ್ಲ, ಹಾಗಾಗಿ ಹೆಸರು ನಾವೇ ಇಟ್ಟಿದ್ದೀವಿ. ನೀಲಿ ದ್ರವ ‘ಪುಟಿಬಣ್ಣ’, ಅದರ ಮೇಲೆ ಬಿದ್ದರೆ ಪುಟಿದು ಮೇಲೇಳ್ತೀರಿ. ಕಿತ್ತಳೆ ದ್ರವ ‘ಓಟಬಣ್ಣ’, ಅದರ ಮೇಲೆ ಓಡಿದರೆ ವೇಗ ಏರುತ್ತೆ. ಬಿಳಿ ದ್ರವ ‘ಸುಣ್ಣ’, ಅದು ಬಿದ್ದ ಕಡೆ ಪೋರ್ಟಲ್ ಇಡಬಹುದು. ಇವಲ್ಲದೆ ಬೆಳಕಿನ ಸೇತುವೆ, ಲೇಸರ್ ಕಿರಣ, ಮನುಷ್ಯರನ್ನು ತೇಲಿಸಿಕೊಂಡು ಹೋಗೋ ಸುರಂಗ. ಒಂದೊಂದನ್ನೂ ಮೊದಲು ಸುಲಭದ ಕೋಣೆಯಲ್ಲಿ ಒಂಟಿಯಾಗಿ ಪರಿಚಯ ಮಾಡಿಸ್ತಾರೆ, ಆಮೇಲೆ ಹಳೆಯದರ ಜೊತೆ ಬೆರೆಸ್ತಾರೆ. ಪಾಠ ಅಂತ ಎಲ್ಲೂ ಹೇಳಲ್ಲ, ಆದರೆ ಪಾಠದ ಕ್ರಮ ಅಂದರೆ ಇದು.

ಒಬ್ಬರೇ ಆಡುವಾಗ

ಒಬ್ಬರೇ ಆಡೋ ಭಾಗದಲ್ಲಿ ನೀವು ಚೆಲ್ ಎಂಬ ಹೆಣ್ಣುಮಗಳು. ಪಾಳುಬಿದ್ದ ಪ್ರಯೋಗಾಲಯ, ಅದನ್ನು ನಡೆಸೋ ಗ್ಲಾಡೋಸ್ ಎಂಬ ಯಂತ್ರ, ವೀಟ್ಲಿ ಎಂಬ ಬಾಯಿಬಡುಕ. ಕತೆ ಮುಂದೆ ಹೇಳಲ್ಲ, ಆಡಿ ನೋಡಿ.

ಒಬ್ಬರೇ ಇದ್ದಾಗ ದೊಡ್ಡ ಲಾಭ ಅಂದರೆ ಅವಸರ ಇಲ್ಲ. ಕೋಣೆಯ ನಡುವೆ ಅರ್ಧ ತಾಸು ಸುಮ್ಮನೆ ನಿಂತರೂ ಕೇಳೋರಿಲ್ಲ. ಸಿಕ್ಕಿಹಾಕಿಕೊಂಡಾಗ ನಾವು ಮೂರು ಪ್ರಶ್ನೆ ಕೇಳ್ಕೊಳ್ತಿದ್ವಿ. ಬಿಳಿ ಗೋಡೆ ಎಲ್ಲೆಲ್ಲಿವೆ? ಇಲ್ಲಿಟ್ಟಿರೋ ಸಾಮಾನಿನಲ್ಲಿ ನಾವಿನ್ನೂ ಮುಟ್ಟದೇ ಇರೋದು ಯಾವುದು? ಹೊರಬಾಗಿಲು ತೆರೆಯೋಕೆ ಕೊನೆಯ ಹೆಜ್ಜೆ ಏನು, ಅದಕ್ಕೆ ಮುಂಚಿನದು ಏನು? ಹಿಂದಿನಿಂದ ಮುಂದಕ್ಕೆ ಬಂದರೆ ಅರ್ಧ ಒಗಟು ಬಿಚ್ಚುತ್ತೆ. ಆದರೂ ಆಗಲಿಲ್ಲ ಅಂದರೆ ಮಲಗಿಬಿಡಿ. ಯೂಟ್ಯೂಬ್‌ನಲ್ಲಿ ಉತ್ತರ ನೋಡಬೇಡಿ. ನೋಡಿದ ಉತ್ತರ ಮರುದಿನಕ್ಕೆ ಮರೆತುಹೋಗುತ್ತೆ, ಹುಡುಕಿದ್ದು ಉಳಿಯುತ್ತೆ.

ಕೂಡಿ ಆಡುವಾಗ

ಇಬ್ಬರು ಆಡೋದಕ್ಕೆ ಬೇರೆಯೇ ಕೋಣೆಗಳು, ಬೇರೆಯೇ ಕತೆ. ಇಬ್ಬರೂ ರೋಬೋಗಳು: ದುಂಡಗಿನ ಅಟ್ಲಾಸ್, ತೆಳ್ಳಗಿನ ಪಿ-ಬಾಡಿ. ಒಬ್ಬೊಬ್ಬರಿಗೆ ಎರಡರಂತೆ ಒಟ್ಟು ನಾಲ್ಕು ಪೋರ್ಟಲ್. ಒಬ್ಬನ ಪೋರ್ಟಲ್‌ನಲ್ಲಿ ಇನ್ನೊಬ್ಬನೂ ಹೋಗಬಹುದು. ಸತ್ತರೆ ಚಿಂತೆ ಇಲ್ಲ, ಹೊಸದಾಗಿ ಜೋಡಿಸಿ ಕಳಿಸ್ತಾರೆ. ಗ್ಲಾಡೋಸ್ ಮಾತ್ರ ಒಬ್ಬನಿಗೆ ಅಂಕ ಕೊಟ್ಟು ಇನ್ನೊಬ್ಬನದು ಕಿತ್ಕೊಂಡು ಇಬ್ಬರ ನಡುವೆ ಜಗಳ ಹಚ್ತಾಳೆ. ಆ ಅಂಕದಿಂದ ಏನೂ ಆಗಲ್ಲ, ಆದರೂ ಹೊಟ್ಟೆ ಉರಿಯುತ್ತೆ.

ಇಲ್ಲಿ ಒಗಟಿಗಿಂತ ಮಾತೇ ಕಷ್ಟ. ‘ಇಲ್ಲಿ ಹಾಕು’ ಅಂದರೆ ಎಲ್ಲಿ? ನನ್ನ ಎಡ ನಿನಗೆ ಬಲ. ಅದಕ್ಕೇ ಆಟದಲ್ಲಿ ಒಂದು ಗುರುತಿನ ಸಾಧನ ಇದೆ. ಗೋಡೆ ತೋರಿಸಿ ಒತ್ತಿದರೆ ಜೊತೆಗಾರನಿಗೂ ಅದೇ ಜಾಗದಲ್ಲಿ ಗುರುತು ಕಾಣುತ್ತೆ. ಒಟ್ಟಿಗೇ ಒತ್ತಬೇಕಾದಾಗ ಮೂರು, ಎರಡು, ಒಂದು ಅಂತ ಎಣಿಸೋ ಗಡಿಯಾರವೂ ಇದೆ.

ಹುಮನಾಬಾದ್‌ನ ಭಾನುವಾರ

ನಾವು ಮೂವರು ಒಂಟಿ ಆಟ ಮುಗಿಸಿದ್ವಿ. ನಾಲ್ಕನೆಯವನು ಮುಟ್ಟಿರಲಿಲ್ಲ, ಅವನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಒಂದು ಭಾನುವಾರ ಲ್ಯಾಪ್‌ಟಾಪ್, ಕಂಟ್ರೋಲರ್, ಎಚ್‌ಡಿಎಂಐ ಕೇಬಲ್ ತಗೊಂಡು ಹುಮನಾಬಾದ್ ಬಸ್ ಹತ್ತಿದ್ವಿ. ಅವರ ಅವ್ವ ಸುಸಲಾ, ಮಿರ್ಚಿ ಭಜಿ ಮಾಡಿಟ್ಟಿದ್ರು. ಮನೆಯ ಟಿವಿಗೆ ಕೇಬಲ್ ಹಚ್ಚಿ, ಪರದೆಯನ್ನು ಎರಡು ಭಾಗ ಮಾಡಿ, ಅವನ ಕೈಗೆ ಕಂಟ್ರೋಲರ್ ಕೊಟ್ವಿ. ನಮ್ಮಲ್ಲಿ ಒಬ್ಬ ಕೀಬೋರ್ಡಿಗೆ. ಉಳಿದಿಬ್ಬರು ಮಂಚದ ಮೇಲೆ ಕೂತು ಸಲಹೆಗಾರರು.

‘ಎಡಕ್ಕ ತಿರುಗು’, ‘ಅಲ್ಲಲೇ, ಆ ಕಡಿ’, ‘ಈಗ ಒತ್ತು, ಒತ್ತು!’ ಮೊದಲನೇ ಕೋರ್ಸ್ ಸರಸರ ಮುಗೀತು. ನಮಗೆಲ್ಲ ಖುಷಿಯೋ ಖುಷಿ. ಎರಡನೆಯದರ ನಡುವೆ ಅವನು ಕಂಟ್ರೋಲರ್ ಕೆಳಗಿಟ್ಟ.

‘ಯಾಕೋ, ಏನಾಯ್ತು?’

‘ನೀವು ಹೇಳಿದಲ್ಲಿ ನಿಲ್ಲೋದು, ಹೇಳಿದ್ದು ಒತ್ತೋದು. ಬಟನ್ ಮ್ಯಾಲ ಇಡೋ ಡಬ್ಬಿ ಆಗೀನಿ ನಾ. ನನ್ನ ಬದಲಿ ಒಂದು ಡಬ್ಬಿನೇ ಇಟ್ಟು ಆಡ್ರಿ.’

ಅವನು ನಗುತ್ತಲೇ ಅಂದ. ಆದರೆ ನಮಗ್ಯಾರಿಗೂ ನಗು ಬರಲಿಲ್ಲ. ಅವ್ವ ಚಹಾ ತಂದ್ರು, ಕುಡಿದ್ವಿ. ಅವತ್ತು ಮತ್ತೆ ಆಡಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾಲ್ಕು ನಿಯಮ ಮಾಡಿಕೊಂಡ್ವಿ. ಒಂದು, ಉತ್ತರ ಹೊಳೆದವನು ಬಾಯಿ ಮುಚ್ಚಿಕೊಂಡಿರಬೇಕು. ಎರಡು, ಮಾತಾಡಲೇಬೇಕಾದರೆ ‘ನಿನಗ ಏನು ಅನಸ್ತದ?’ ಅಂತ ಕೇಳಬೇಕು, ಹೇಳಬಾರದು. ಮೂರು, ‘ಇಲ್ಲಿ’, ‘ಅಲ್ಲಿ’ ಬ್ಯಾಡ, ಗುರುತು ಒತ್ತಬೇಕು. ನಾಲ್ಕು, ಮಂಚದ ಮೇಲಿನವರು ಭಜಿ ತಿನ್ನಬೇಕು ಅಷ್ಟೇ.

ಮುಂದಿನ ಭಾನುವಾರ ಕೇಳಿಕೊಂಡು ಮತ್ತೆ ಹೋದ್ವಿ. ಬೆಳಕಿನ ಸೇತುವೆಗಳ ಕೋರ್ಸಿನ ಒಂದು ಕೋಣೆಗೆ ನಲವತ್ತು ನಿಮಿಷ ಹಿಡೀತು. ಹಾರಿ ಹೋದ ಜೊತೆಗಾರ ಪ್ರತಿ ಸಲ ನಿಲ್ಲಬೇಕಾದ ಜಾಗ ದಾಟಿ ಬೀಳ್ತಿದ್ದ. ಸೇತುವೆ ಅಂದರೆ ನಡೆಯೋಕೆ ಅಂತಲೇ ನಾವು ಮೂವರೂ ನೋಡ್ತಿದ್ವಿ, ಒಂಟಿಯಾಗಿ ಆಡಿ ಬಂದ ರೂಢಿ ಅದು. ಅವನು ಬಹಳ ಹೊತ್ತು ಸುಮ್ಮನಿದ್ದು, ನೆಲದ ಪೋರ್ಟಲ್‌ನಿಂದ ಸೇತುವೆಯನ್ನು ನೆಟ್ಟಗೆ ಮೇಲಕ್ಕೆ ಎಬ್ಬಿಸಿದ. ಅದು ಗೋಡೆ ಆಯ್ತು. ಹಾರಿದವನು ಅದಕ್ಕೆ ಬಡಿದು ಸರಿಯಾದ ಜಾಗಕ್ಕೇ ಬಿದ್ದ.

ಸೋಮವಾರ ಲ್ಯಾಬ್‌ನಲ್ಲಿ

ನಮ್ಮ ಪ್ರಾಜೆಕ್ಟಿನ ಪುಟ್ಟ ರೋಬೋದ ಮೋಟರ್ ಒಮ್ಮೆ ತಿರುಗಿದರೆ ಒಮ್ಮೆ ತಿರುಗ್ತಿರಲಿಲ್ಲ. ಎರಡು ವಾರದಿಂದ ನಾವು ಮೂವರು ಕೋಡ್ ತಿದ್ತಾ ಇದ್ವಿ. ಅವನಿಗೆ ವಹಿಸಿದ್ದು ಬೆಸುಗೆ ಹಾಕೋದು, ರಿಪೋರ್ಟ್ ಟೈಪ್ ಮಾಡೋದು. ಆ ಸೋಮವಾರ ಕೇಳಿದ್ವಿ: ‘ನಿನಗ ಏನು ಅನಸ್ತದ?’

‘ಮೋಟರ್ ಬ್ಯಾಟರಿ ಗ್ರೌಂಡು, ಆರ್ಡುಯಿನೊ ಗ್ರೌಂಡು ಕೂಡಿಸಿಲ್ಲ’ ಅಂದ. ಒಂದೇ ಒಂದು ವೈರ್. ಹಾಕಿದ್ವಿ, ತಿರುಗ್ತು.

‘ಮೊದಲೇ ಯಾಕ ಹೇಳಲಿಲ್ಲೋ?’

‘ಕೇಳಿದ್ರೇನು ನೀವು?’

ಆಡಬೇಕು ಅನ್ನೋರಿಗೆ: ಆಟ ಹಳೆಯದು, 2 ಜಿಬಿ ರ‍್ಯಾಮ್, ಡಿಸ್ಕಿನಲ್ಲಿ 8 ಜಿಬಿ ಜಾಗ ಇದ್ದರೆ ಸಾಕು. ಮೊದಲು ಒಬ್ಬರೇ ಆಡಿ. ಕೂಡಿ ಆಡುವಾಗ ಆದಷ್ಟು ಇಬ್ಬರೂ ಒಂದೇ ಹಂತದಲ್ಲಿರೋರು ಕೂತ್ಕೊಳ್ಳಿ. ಹಾಗಾಗದಿದ್ದರೆ ನಮ್ಮ ನಾಲ್ಕು ನಿಯಮ ಇಟ್ಕೊಳ್ಳಿ. 2012ರಲ್ಲಿ ವಾಲ್ವ್ ಉಚಿತವಾಗಿ ಕೊಟ್ಟ ಎಡಿಟರ್‌ನಲ್ಲಿ ನಿಮ್ಮದೇ ಕೋಣೆ ಕಟ್ಟಬಹುದು, ಕಟ್ಟಿದರೆ ನಮಗೂ ಕೊಡಿ.

ನಮಗೆ ಇನ್ನೂ ಸುರಂಗದ ಕೋರ್ಸು, ಬಣ್ಣದ ಕೋರ್ಸು ಬಾಕಿ ಇವೆ. ಈ ಭಾನುವಾರ ಮತ್ತೆ ಹುಮನಾಬಾದ್. ಕಂಟ್ರೋಲರ್ ಅವನ ಮನೆಯಲ್ಲೇ ಬಿಟ್ಟು ಬಂದಿದ್ದೀವಿ.