ರೋಗಿಗೆ ಬೇಕಾದ ಎರಡು ಆಸರೆಗಳು: ಅರಿವು ಮತ್ತು ಒಡನಾಟ

ಮನೆಯಲ್ಲಿ ಒಬ್ಬರಿಗೆ ದೀರ್ಘಕಾಲದ ವ್ಯಾಧಿ ತಗುಲಿತೆಂದರೆ ಆ ಮನೆಯವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಈ ರೋಗವೇನು, ಇದಕ್ಕೆ ಚಿಕಿತ್ಸೆಯೇನು ಎಂಬುದು ಮೊದಲನೆಯದು. ಇದೇ ಕಷ್ಟವನ್ನು ಉಂಡು ಬಾಳು ಸಾಗಿಸಿದವರು ಎಲ್ಲಿಯಾದರೂ ಇದ್ದಾರೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಬೇಕಾದದ್ದು ಅರಿವು. ಎರಡನೆಯದಕ್ಕೆ ಬೇಕಾದದ್ದು ಒಡನಾಟ. ಹಿಂದೆ ಇವೆರಡನ್ನೂ ಊರಿನ ವೈದ್ಯರಲ್ಲಿ, ನೆರೆಹೊರೆಯವರಲ್ಲಿ, ಬಂಧುಬಳಗದಲ್ಲಿ ಅರಸುತ್ತಿದ್ದರು. ಇಂದು ಕೈಯೊಳಗಿನ ಮೊಬೈಲು ಕ್ಷಣಮಾತ್ರದಲ್ಲಿ ನೂರಾರು ಉತ್ತರಗಳನ್ನು ತಂದೊಡ್ಡುತ್ತದೆ. ಅವುಗಳಲ್ಲಿ ಕಾಳಾವುದು, ಜೊಳ್ಳಾವುದು ಎಂದು ತೂರಿ ಬೇರ್ಪಡಿಸುವ ಬಗೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಡನಾಟದ ಬೆಲೆ

ಹಿಮೋಫಿಲಿಯಾ ಎಂಬ ರೋಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರಕ್ತವು ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ 8ನೆಯದೋ 9ನೆಯದೋ ಹುಟ್ಟಿನಿಂದಲೇ ಕೊರತೆಯಾಗಿರುವುದು ಈ ರೋಗದ ಮೂಲ. ಇದು ಬಹುಮಟ್ಟಿಗೆ ಗಂಡುಮಕ್ಕಳಲ್ಲಿ ಕಂಡುಬರುತ್ತದೆ. ಮೊಣಕಾಲು, ಮೊಣಕೈಗಳ ಕೀಲುಗಳೊಳಗೆ ರಕ್ತ ಸೋರಿ ಊತವೂ ನೋವೂ ಉಂಟಾಗುತ್ತವೆ. ಕೊರತೆಯಾದ ಅಂಶವನ್ನು ಚುಚ್ಚುಮದ್ದಿನ ಮೂಲಕ ಕೊಡುವುದು ವೈದ್ಯರ ಕೆಲಸ. ಆದರೆ ಊತ ಕಾಣುವ ಮೊದಲೇ ಮಗುವಿನ ನಡಿಗೆಯಲ್ಲಿ ತೋರುವ ಸಣ್ಣ ವ್ಯತ್ಯಾಸವನ್ನು ಗುರುತಿಸುವುದು ಹೇಗೆ, ಶಾಲೆಯ ಗುರುಗಳಿಗೆ ಏನೆಂದು ತಿಳಿಸಬೇಕು, ಮಗುವನ್ನು ಯಾವ ಆಟಕ್ಕೆ ಬಿಡಬಹುದು ಎಂಬುದನ್ನು ಅಂತಹದೇ ಮಗುವನ್ನು ಸಾಕಿದ ಇನ್ನೊಬ್ಬ ತಾಯಿ ಹೇಳಿಕೊಡುವಷ್ಟು ಚೆನ್ನಾಗಿ ಗ್ರಂಥಗಳು ಹೇಳಿಕೊಡಲಾರವು. ಈ ಅಗತ್ಯವನ್ನು ಮನಗಂಡೇ 1983ರಲ್ಲಿ ನಮ್ಮ ದೇಶದಲ್ಲಿ ಹಿಮೋಫಿಲಿಯಾ ಫೆಡರೇಶನ್ ಸ್ಥಾಪನೆಗೊಂಡಿತು. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯೂ ಇದೇ ಹಾದಿಯಲ್ಲಿ ನಡೆದ ಸಂಸ್ಥೆ.

ಅಪರೂಪದ ರೋಗವಾದರೆ ಒಂದು ತಾಲ್ಲೂಕಿಗೆ ಒಬ್ಬ ರೋಗಿಯೂ ಸಿಗುವುದು ದುರ್ಲಭ. ಅಂಥವರ ನಡುವಣ ದೂರವನ್ನು ಅಳಿಸಿರುವುದೇ ಅಂತರ್ಜಾಲದ ದೊಡ್ಡ ಉಪಕಾರ.

ಲಿಥಿಯಂ ಕಲಿಸಿದ ಪಾಠ

ಇಂತಹ ಬಳಗಗಳ ಶಕ್ತಿಯನ್ನೂ ಅಪಾಯವನ್ನೂ ಒಟ್ಟಿಗೆ ತೋರಿಸುವ ಒಂದು ಪ್ರಸಂಗ ಅಮೆರಿಕದಲ್ಲಿ ನಡೆಯಿತು. 1998ರಲ್ಲಿ ಸ್ಟೀಫನ್ ಹೇವುಡ್ ಎಂಬ 29 ವರ್ಷದ ಯುವಕನಿಗೆ ಎ.ಎಲ್.ಎಸ್. ಎಂಬ ನರರೋಗವಿರುವುದು ಪತ್ತೆಯಾಯಿತು. ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ರಮೇಣ ನಶಿಸಿ, ಕೊನೆಗೆ ಉಸಿರಾಟವೂ ಕುಂದುವ ದಾರುಣ ರೋಗವಿದು. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಆತನ ಸಹೋದರರಾದ ಜೇಮ್ಸ್ ಮತ್ತು ಬೆಂಜಮಿನ್, ಮಿತ್ರ ಜೆಫ್ ಕೋಲ್ ಅವರೊಡನೆ ಕೂಡಿ 2004ರಲ್ಲಿ 'ಪೇಷೆಂಟ್ಸ್ ಲೈಕ್ ಮಿ', ಎಂದರೆ 'ನನ್ನಂತಹ ರೋಗಿಗಳು', ಎಂಬ ಜಾಲತಾಣವನ್ನು ಕಟ್ಟಿದರು. ರೋಗಿಗಳು ತಮ್ಮ ಲಕ್ಷಣ, ಔಷಧಿ, ಅದರ ಪ್ರಮಾಣ, ಪರಿಣಾಮಗಳನ್ನು ಅದರಲ್ಲಿ ದಾಖಲಿಸಿ ಪರಸ್ಪರ ನೋಡಬಹುದಾಗಿತ್ತು. ಸ್ಟೀಫನ್ 2006ರಲ್ಲಿ ತೀರಿಕೊಂಡರೂ ಬಳಗ ಬೆಳೆಯಿತು.

2008ರಲ್ಲಿ ಇಟಲಿಯ ಸಂಶೋಧಕರು ಲಿಥಿಯಂ ಎಂಬ ಔಷಧಿಯಿಂದ ಈ ರೋಗದ ವೇಗ ತಗ್ಗುವುದೆಂದು ಪ್ರಕಟಿಸಿದರು. ಆದರೆ ಅವರು ಲಿಥಿಯಂ ಕೊಟ್ಟು ನೋಡಿದ್ದು ಕೇವಲ 16 ರೋಗಿಗಳಿಗೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಲ್ಲವೇ? ಬಳಗದ ಅನೇಕರು ಲಿಥಿಯಂ ಸೇವಿಸತೊಡಗಿದರು. ಸೇವಿಸಿದವರು ಫಲವನ್ನು ತಪ್ಪದೆ ದಾಖಲಿಸಿದರು. ಅವರಲ್ಲಿ 149 ಜನರ ದಾಖಲೆಗಳನ್ನು, ಲಿಥಿಯಂ ಸೇವಿಸದ ತತ್ಸಮಾನ ಸ್ಥಿತಿಯ ರೋಗಿಗಳ ದಾಖಲೆಗಳೊಡನೆ ಹೋಲಿಸಿ, 2011ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಲಿಥಿಯಂನಿಂದ ರೋಗದ ವೇಗ ತಗ್ಗಿರಲಿಲ್ಲ. ವೈದ್ಯರು ನಡೆಸಿದ ಕ್ರಮಬದ್ಧ ಪರೀಕ್ಷೆಗಳೂ ಇದನ್ನೇ ಸ್ಥಿರಪಡಿಸಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಮಾನ್ಯವಾಗಿ ಔಷಧಿಯಿಂದ ಗುಣ ಕಂಡವನು ಹತ್ತು ಜನರಿಗೆ ಹೇಳುತ್ತಾನೆ, ಗುಣ ಕಾಣದವನು ಮೌನವಾಗುತ್ತಾನೆ, ಮಡಿದವನಂತೂ ಹೇಳಲಾರ. ಹೀಗಾಗಿ ಕೇಳಿದವರಿಗೆ ಎಲ್ಲರೂ ಗುಣವಾದಂತೆಯೇ ತೋರುತ್ತದೆ. ಆ ಬಳಗದಲ್ಲಿ ಫಲ ಕಾಣದವರ ಲೆಕ್ಕವೂ ಸೇರಿದ್ದರಿಂದಲೇ ಸತ್ಯ ಹೊರಬಿತ್ತು.

ಜಾಲತಾಣದ ಪರೀಕ್ಷೆ

ಆರೋಗ್ಯದ ಜಾಲತಾಣಗಳಿಗೆ ಶಿಸ್ತು ತರಲು ಜಿನೀವಾದ 'ಹೆಲ್ತ್ ಆನ್ ದಿ ನೆಟ್' ಪ್ರತಿಷ್ಠಾನವು 1996ರಲ್ಲಿ 8 ತತ್ವಗಳ ಸಂಹಿತೆಯೊಂದನ್ನು ರೂಪಿಸಿ, ಅದನ್ನು ಪಾಲಿಸಿದ ತಾಣಗಳಿಗೆ ಮುದ್ರೆ ನೀಡುತ್ತಿತ್ತು. ಆ ಸೇವೆ 2022ರಲ್ಲಿ ನಿಂತುಹೋಯಿತು. ಆದ್ದರಿಂದ ಹಳೆಯ ಪುಟಗಳಲ್ಲಿ ಆ ಮುದ್ರೆ ಕಂಡರೆ ಅದನ್ನೇ ನೆಚ್ಚುವಂತಿಲ್ಲ. ಓದುಗನು ತಾನೇ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು:

1. ಈ ತಾಣವನ್ನು ನಡೆಸುವವರು ಯಾರು? ಬರೆದವರ ಹೆಸರು, ವಿದ್ಯಾರ್ಹತೆಗಳು ಇವೆಯೇ?
2. ಹೇಳಿದ ಮಾತಿಗೆ ಆಧಾರವೇನು? ಅದನ್ನು ಕೊನೆಯದಾಗಿ ಪರಿಷ್ಕರಿಸಿದ್ದು ಯಾವಾಗ?
3. ಇದರ ವೆಚ್ಚ ಭರಿಸುವವರು ಯಾರು? ಸಲಹೆ ಕೊಡುವವರೇ ಔಷಧಿಯನ್ನೂ ಮಾರುತ್ತಿರುವರೇ?
4. 'ಸಂಪೂರ್ಣ ಗುಣ', 'ಅಡ್ಡಪರಿಣಾಮವೇ ಇಲ್ಲ' ಎಂಬ ಭರವಸೆಗಳಿವೆಯೇ?
5. ನಮ್ಮ ಹೆಸರು, ರೋಗದ ವಿವರಗಳನ್ನು ಕೇಳುವುದಾದರೆ ಅವನ್ನು ಏನು ಮಾಡುತ್ತಾರೆಂದು ತಿಳಿಸಿದ್ದಾರೆಯೇ?

ನಾಲ್ಕನೆಯ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಲ್ಲ. ಮಧುಮೇಹ, ಕ್ಯಾನ್ಸರ್ ಮುಂತಾದ ರೋಗಗಳನ್ನು ಗುಣಪಡಿಸುವೆವೆಂದು ಔಷಧಿಗಳ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ.

ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ತಾಣಕ್ಕೆ ನಿದರ್ಶನವೆಂದರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1998ರಲ್ಲಿ ಆರಂಭಿಸಿದ 'ಮೆಡ್‌ಲೈನ್‌ಪ್ಲಸ್'. ಅದರಲ್ಲಿ ಜಾಹೀರಾತುಗಳಿಲ್ಲ. ಆದರೂ ಪರದೇಶದ ಮಾಹಿತಿಯೆಲ್ಲ ನಮಗೆ ಹಾಗೆಯೇ ಒಪ್ಪದು. ಹಾವು ಕಡಿತವನ್ನೇ ನೋಡಿರಿ. ನಮ್ಮಲ್ಲಿ ಕೊಡುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಸಿದ್ಧಪಡಿಸಿದ್ದು. ಅಮೆರಿಕದ್ದು ಅಲ್ಲಿಯ ಹಾವುಗಳಿಗೆ. ಆದ್ದರಿಂದ ಓದಿದ್ದನ್ನು ನಮ್ಮ ವೈದ್ಯರ ಮುಂದಿಟ್ಟು ಕೇಳುವುದು ಅವಶ್ಯಕ.

ಬಳಗದ ಪರೀಕ್ಷೆ

ಒಳ್ಳೆಯ ಬಳಗದಲ್ಲಿ ಹೊಣೆ ಹೊತ್ತ ಹಿರಿಯರಿರುತ್ತಾರೆ. ಗುಣ ಕಾಣದವನ ಮಾತಿಗೂ ಅಲ್ಲಿ ಎಡೆಯುಂಟು. ಒಬ್ಬರ ಗುಟ್ಟನ್ನು ಇನ್ನೊಬ್ಬರು ಹೊರಗೆ ಹಾಕುವುದಿಲ್ಲ. ವೈದ್ಯರನ್ನು ಕೇಳದೆ ಔಷಧಿ ಬಿಡಿರೆಂದು ಯಾರೂ ಹೇಳುವುದಿಲ್ಲ. ಇದಕ್ಕೆ ವಿರುದ್ಧವಾಗಿ, ವೈದ್ಯರನ್ನೆಲ್ಲ ಹಳಿದು ಒಂದೇ ಮದ್ದನ್ನು ಹೊಗಳುವ ಗುಂಪಿನಿಂದ ದೂರವಿರುವುದು ಲೇಸು. ಸುಲಭವಾದ ಸೂತ್ರವಿದು: ಹೇಗೆ ಬಾಳಿದಿರಿ ಎಂದು ಜೊತೆಗಾರರನ್ನು ಕೇಳಬೇಕು, ಯಾವ ಔಷಧಿ, ಎಷ್ಟು ಪ್ರಮಾಣ ಎಂದು ವೈದ್ಯರನ್ನು ಕೇಳಬೇಕು.

ಎದೆನೋವು, ರಕ್ತಸ್ರಾವ, ಹಾವು ಕಡಿತದಂತಹ ಸಂದರ್ಭಗಳಲ್ಲಿ ಇವಾವುವನ್ನೂ ಹುಡುಕುತ್ತ ಕೂರದೆ 108ಕ್ಕೆ ಕರೆಮಾಡಿ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕು.

ಇಂದು ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಮೊಬೈಲಿನ ಬರಹವನ್ನು ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ. ಹಿರಿಯರು ಅವರ ಬಾಯಿಂದ ಕೇಳಿದ್ದನ್ನು ನಂಬಿ ನಡೆಯುತ್ತಾರೆ. ಆದ್ದರಿಂದ ವಿದ್ಯಾರ್ಥಿ ಮಿತ್ರರು ಓದಿ ಹೇಳುವ ಮುನ್ನ ಬರೆದವರಾರೆಂದು ನೋಡಲಿ, ಸಂಶಯವಿದ್ದುದನ್ನು ಚೀಟಿಯಲ್ಲಿ ಬರೆದು ವೈದ್ಯರ ಬಳಿಗೆ ಒಯ್ಯಲಿ. ಕಲಿತ ಅಕ್ಷರ ಮನೆಯವರ ಆರೋಗ್ಯಕ್ಕೆ ಒದಗಿದರೆ ಅದಕ್ಕಿಂತ ದೊಡ್ಡ ಸಾರ್ಥಕ್ಯ ಬೇರಿಲ್ಲ.