ಮೂಡಲಿಂದ ಬಂದ ಸೊಸೆ

ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಕೈಮುಗಿದು, ಬಸ್ಸು ಹತ್ತಿ, ಶಿರಾಳಕೊಪ್ಪದ ಮೇಲಾಗಿ ಸೊರಬದ ಕಡೆಗೆ ಸಾಗುವ ಪ್ರಯಾಣಿಕನು ಕಿವಿಯನ್ನು ಸ್ವಲ್ಪ ಎಚ್ಚರವಾಗಿಟ್ಟುಕೊಂಡರೆ ಸಾಕು, ಒಂದೇ ಬಸ್ಸಿನಲ್ಲಿ ಎರಡು ಕನ್ನಡಗಳನ್ನು ಕೇಳಬಹುದು. ಒಂದು, ಅಡಕೆ ತೋಟದ ನೆರಳಿನಲ್ಲಿ ಬೆಳೆದ ಮೆಲುಮಾತು. ಇನ್ನೊಂದು, ಹಿರೇಕೆರೂರು ಹಾನಗಲ್ಲುಗಳ ಕಡೆಯಿಂದ ಸಂತೆಗೆ ಬಂದವರ, ಕೊನೆಗೊಂದು 'ರೀ' ಹಚ್ಚಿದ ಗಟ್ಟಿಮಾತು. ಮಲೆನಾಡು ಮುಗಿದು ಬಯಲು ಮೊದಲಾಗುವ ಗಡಿ ಇದು. ಇಲ್ಲಿ ಎರಡು ಮಾತುಗಳೂ ಸರಿಸಮಾನವಾಗಿ ಕೊಡುಕೊಳ್ಳುತ್ತವೆ. ಒಂದನ್ನು ಕೇಳಿ ಇನ್ನೊಂದು ನಗುವುದಿಲ್ಲ.

ಬೆಳ್ಳಿತೆರೆಯ ಮೇಲೆ ಮಾತ್ರ ಬಹುಕಾಲ ಹಾಗಿರಲಿಲ್ಲ. ನಾಯಕನಿಗೆ ಮೈಸೂರು ಬೆಂಗಳೂರುಗಳ ಗ್ರಾಂಥಿಕ ಛಾಯೆಯ ಕನ್ನಡ, ನಾಯಕಿಗೂ ಅದೇ. ಉತ್ತರದ ಮಾತು ಬಂದರೆ ಅದು ಹೆಚ್ಚಾಗಿ ಹಾಸ್ಯಗಾರನ ಬೆನ್ನಿಗಂಟಿಕೊಂಡೇ ಬರಬೇಕು. ಅವನು ಬಾಯಿ ತೆರೆದೊಡನೆ ಥಿಯೇಟರು ನಗಬೇಕು. ಧಾರವಾಡದ ತಾಯಿ ಅಳುವುದೂ ಅದೇ ಮಾತಿನಲ್ಲಿಯೇ, ಕಲಬುರಗಿಯ ಮಗಳು ಮದುವೆಯಾಗಿ ಹೋಗುವಾಗ ತವರಿಗೆ ಹೇಳಿಹೋಗುವುದೂ ಅದೇ ಮಾತಿನಲ್ಲಿಯೇ ಎಂಬುದನ್ನು ಚಿತ್ರೋದ್ಯಮ ಮರೆತಂತಿತ್ತು. ಆ ಮರೆವನ್ನು ಮನೆಮನೆಯ ಪಡಸಾಲೆಯಲ್ಲಿ ಕುಳಿತು ತಿದ್ದಿದವರಲ್ಲಿ ಒಬ್ಬರು ವೈಶಾಲಿ ಕಾಸರವಳ್ಳಿ. ಹುಟ್ಟಿನಿಂದ ಕಲಬುರಗಿಯವರು; ಮದುವೆಯಿಂದ ಶಿವಮೊಗ್ಗ ಜಿಲ್ಲೆಯ ಸೊಸೆ.

ವೈಶಾಲಿಯವರು ಜನಿಸಿದ್ದು 1952ರ ಏಪ್ರಿಲ್ 12ರಂದು. ಆಗ ಕಲಬುರಗಿ ಇನ್ನೂ ಹೈದರಾಬಾದು ರಾಜ್ಯದಲ್ಲಿತ್ತು. ಕನ್ನಡ ನಾಡು ಒಂದಾಗಲು ನಾಲ್ಕು ವರ್ಷಗಳಿದ್ದವು. ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲಿ ಬಡಗಣದ ಕಲ್ಯಾಣಕ್ಕೆ ನಡೆದುಹೋದದ್ದು ಎಲ್ಲರಿಗೂ ತಿಳಿದ ಕಥೆ. ಆ ಕಲ್ಯಾಣದ ಸೀಮೆಯಿಂದ ಈ ಕಡೆಗೆ ಒಬ್ಬ ಹೆಣ್ಣುಮಗಳು ಬಂದಳೆಂದರೆ ಅದನ್ನು ಶರಣೆಯ ಯಾತ್ರೆಯೊಡನೆ ತೂಗಲು ಹೊರಡುವುದು ಸಲ್ಲದು. ಆದರೆ ಹಾದಿ ಒಂದೇ, ದಿಕ್ಕು ಮಾತ್ರ ಬೇರೆ. ಅಲ್ಲದೆ ಉಡುತಡಿಯ ಅಕ್ಕನೂ ಬಳ್ಳಿಗಾವೆಯ ಅಲ್ಲಮನೂ ನುಡಿದದ್ದು ಜನರ ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿಯೇ ಅಲ್ಲವೆ?

ವೈಶಾಲಿ ರಂಗಭೂಮಿಯಿಂದ ಬಂದ ನಟಿ. ಅವರ ತಾರುಣ್ಯದ ಕಾಲ ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ಹೊಸ ನೆತ್ತರು ಹರಿದ ಕಾಲ. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ನಾಟಕಗಳನ್ನು ಆಡಿಸಿದಾಗ ನಗರದ ಪ್ರೇಕ್ಷಕರು ಬೆರಗಾದರು. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ ಮಾತು ಅಪ್ಪಟ ಉತ್ತರದ್ದು. ಆದರೆ ಆ ಮಾತಿನಲ್ಲಿ ಗೌಡ್ತಿಯೊಬ್ಬಳ ಬಂಜೆತನದ ಸಂಕಟವಿತ್ತು, ಹೊಲದ ಹಕ್ಕಿನ ಜಗಳವಿತ್ತು. ನಗಿಸುವುದಷ್ಟೇ ಆ ಮಾತಿನ ಕೆಲಸವಲ್ಲವೆಂದು ರಂಗಭೂಮಿ ಹೀಗೆ ತೋರಿಸಿಕೊಟ್ಟಿತ್ತು. ಸಿನಿಮಾ ಅದನ್ನು ಕಲಿಯುವುದಕ್ಕೆ ಇನ್ನಷ್ಟು ಕಾಲ ಹಿಡಿಯಿತು.

1978ರಲ್ಲಿ ವೈಶಾಲಿಯವರು ಗಿರೀಶ ಕಾಸರವಳ್ಳಿಯವರ ಕೈಹಿಡಿದರು. ಗಿರೀಶರ ಹುಟ್ಟೂರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರು. ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ, 1977ರಲ್ಲಿ, ಅವರ ಮೊದಲ ಚಿತ್ರ 'ಘಟಶ್ರಾದ್ಧ' ತೆರೆಕಂಡು ರಾಷ್ಟ್ರದ ಸ್ವರ್ಣಕಮಲವನ್ನು ಪಡೆದಿತ್ತು. ಹೀಗೆ ದೇಶವೆಲ್ಲ ಹೆಸರು ಹೇಳುವ ಗಂಡನ ಮನೆಯಲ್ಲಿ ಕಲಾವಿದೆಯಾದ ಹೆಂಡತಿಯ ಪಾಡೇನು? 'ಇಂಥವರ ಪತ್ನಿ' ಎಂಬ ಪರಿಚಯ ಮೊದಲು, ಅವಳ ಕೆಲಸ ಆಮೇಲೆ. ಪತಿಯ 'ಆಕ್ರಮಣ' ಚಿತ್ರದಲ್ಲಿ ವೈಶಾಲಿ ನಟಿಸಿದರು. ಬೇರೆ ಚಿತ್ರಗಳಲ್ಲಿಯೂ ಪಾತ್ರಗಳು ಬಂದವು. ಆದರೆ ಅವರ ಮುಖವನ್ನು ಭಾರತದ ಮೂಲೆಮೂಲೆಗೆ ಮುಟ್ಟಿಸಿದ್ದು ಚಲನಚಿತ್ರವಲ್ಲ, ದೂರದರ್ಶನ.

ಶಂಕರನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿ 'ಮಾಲ್ಗುಡಿ ಡೇಸ್' ಮಾಡಹೊರಟಾಗ ಮಾಲ್ಗುಡಿಗೆ ಸಿಕ್ಕಿದ ನೆಲ ಆಗುಂಬೆ. ಅಲ್ಲಿಯ ದೊಡ್ಡಮನೆಯ ಜಗಲಿ, ಅಂಗಳ, ಕಂಬಗಳ ನಡುವೆ ಸ್ವಾಮಿ ಎಂಬ ತುಂಟ ಹುಡುಗನ ಸಂಸಾರ ಬಿಡಾರ ಹೂಡಿತು. ಮಾಸ್ಟರ್ ಮಂಜುನಾಥ ಸ್ವಾಮಿ, ಗಿರೀಶ ಕಾರ್ನಾಡರು ತಂದೆ, ವೈಶಾಲಿ ತಾಯಿ. 1986ರಲ್ಲಿ ಧಾರಾವಾಹಿ ಪ್ರಸಾರಕ್ಕೆ ಬಂದಾಗ ಆಕೆಗೆ ವಯಸ್ಸು ಮೂವತ್ತನಾಲ್ಕು. ಚಿತ್ರರಂಗದ ಲೆಕ್ಕದಲ್ಲಿ ಅದೇ ವಯಸ್ಸಿನ ನಾಯಕನು ಕಾಲೇಜು ಹುಡುಗನಾಗಿ ಪುಸ್ತಕ ಹಿಡಿದು ಹಾಡುತ್ತಾನೆ; ನಟಿ ಅಮ್ಮನಾಗುತ್ತಾಳೆ. ಆ ಲೆಕ್ಕವನ್ನು ಹಾಕಿದವರಾರೋ!

ಆದರೆ ಆ ತಾಯಿ ಎಂಥ ತಾಯಿ! ಅಪ್ಪನ ಕೋಪಕ್ಕೂ ಮಗನ ಹಟಕ್ಕೂ ನಡುವೆ ಬಾಗಿಲ ಪಕ್ಕದಲ್ಲಿ ನಿಂತು, ಒಂದು ನೋಟದಿಂದ ಗಂಡನನ್ನು ತಣಿಸಿ, ಇನ್ನೊಂದು ನೋಟದಿಂದ ಮಗನನ್ನು ಹದ್ದಿನಲ್ಲಿಡುವ ಗೃಹಿಣಿ. ಸಂಭಾಷಣೆ ಹೆಚ್ಚಿಲ್ಲದ ಇಂಥ ಪಾತ್ರದಲ್ಲಿ ನಟಿಗೆ ಮರೆಯಾಗಲು ಎಡೆಯಿಲ್ಲ. ಸೆರಗು ಸಿಕ್ಕಿಸುವ ರೀತಿ, ಲೋಟ ಮುಂದಿಡುವ ಕೈ, ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ. ಇದರಲ್ಲೊಂದು ವಿನೋದವೂ ಇದೆ. ಆಗುಂಬೆಯಂಥ ಮಳೆಯೂರಿನಲ್ಲಿ, ಕನ್ನಡದ ಕಲಾವಿದರು, ಇಂಗ್ಲಿಷಿನಲ್ಲಿ ಬರೆದ ಮೈಸೂರಿನ ಲೇಖಕರ ಕಥೆಯನ್ನು ಹಿಂದಿಯಲ್ಲಿ ಅಭಿನಯಿಸಿ ಉತ್ತರ ಭಾರತದ ಮನೆಗಳನ್ನು ಗೆದ್ದರು. ಮೊದಲ ಹದಿಮೂರು ಕಂತುಗಳು ಇಂಗ್ಲಿಷಿನಲ್ಲಿಯೂ ತಯಾರಾದವು. ಕನ್ನಡ ಮಾತ್ರ ಆ ಮೂಲ ತಯಾರಿಕೆಯಲ್ಲಿ ಎಲ್ಲಿಯೂ ಇರಲಿಲ್ಲ. ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣವೂ ಆ ಧಾರಾವಾಹಿಯಲ್ಲಿ ನಟಿಸಿತ್ತು. ಸೊರಬದವರು ರೈಲು ಹಿಡಿಯಲು ಸಾಗರಕ್ಕೋ ತಾಳಗುಪ್ಪಕ್ಕೋ ಬರಬೇಕಷ್ಟೆ. ಅದೇ ಹಳಿಯ ಮೇಲಿನ ಊರು ಇದು. 2020ರಲ್ಲಿ ಆ ಹಳೆಯ ಕಟ್ಟಡ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಯಿತು.

ನಟಿಯ ಬಾಳಿನಲ್ಲಿ ತಾಯಿಯ ಪಾತ್ರಗಳು ಸಾಲುಗಟ್ಟಿ ಬರಲಾರಂಭಿಸಿದ ಮೇಲೆ ಹೆಚ್ಚಿನವರು ಅದಕ್ಕೆ ಒಗ್ಗಿಕೊಂಡುಬಿಡುತ್ತಾರೆ. ವೈಶಾಲಿ ಅಷ್ಟಕ್ಕೇ ನಿಲ್ಲದೆ ಕ್ಯಾಮೆರಾದ ಹಿಂದಕ್ಕೂ ನಡೆದರು. 1997ರ 'ತಾಯಿ ಸಾಹೇಬ' ಚಿತ್ರಕ್ಕೆ ಅವರು ವಸ್ತ್ರವಿನ್ಯಾಸ ಮಾಡಿದರು. ರಂ. ಶಾ. ಲೋಕಾಪುರರ ಕಾದಂಬರಿ, ಉತ್ತರ ಕರ್ನಾಟಕದ ಶ್ರೀಮಂತ ಮನೆತನ, ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳು, ಜಯಮಾಲಾ ಮುಖ್ಯ ಪಾತ್ರದಲ್ಲಿ. ಇಂಥ ಕಥೆಯಲ್ಲಿ ಬಟ್ಟೆಯೆಂಬುದು ಬರಿಯ ಅಲಂಕಾರವಲ್ಲ. ಯಾವ ವರ್ಷದಲ್ಲಿ ಯಾವ ಮನೆಯಾಕೆ ಯಾವ ಸೀರೆ ಉಟ್ಟಳು, ಮನೆಯ ಸಿರಿ ಇಳಿದಂತೆ ಅಂಚು ಹೇಗೆ ಮಾಸಿತು, ಖಾದಿ ಯಾರ ಮೈಮೇಲೆ ಬಂತು ಎಂಬುದನ್ನು ಬಲ್ಲವರೇ ಬಲ್ಲರು. ಆ ಸೀಮೆಯಲ್ಲಿ ಹುಟ್ಟಿದವಳಿಗೆ ಅದು ಪುಸ್ತಕದ ವಿದ್ಯೆಯಲ್ಲ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಚಿತ್ರಕ್ಕೆ ಸ್ವರ್ಣಕಮಲ ಬಂತು. ಅತ್ಯುತ್ತಮ ವಸ್ತ್ರವಿನ್ಯಾಸದ ಪ್ರಶಸ್ತಿ ವೈಶಾಲಿಯವರ ಪಾಲಿಗೆ ಬಂತು. ಚಿತ್ರ ಪತಿಯದಾದರೂ ಪ್ರಶಸ್ತಿ ಸ್ವಂತ ದುಡಿಮೆಯದು.

ಮುಂದಿನದು ಕಿರುತೆರೆ. 'ಗೂಡಿನಿಂದ ಗಗನಕ್ಕೆ', 'ಮುತ್ತಿನ ತೋರಣ' ಮೊದಲಾದ ಧಾರಾವಾಹಿಗಳನ್ನು ಅವರು ನಿರ್ದೇಶಿಸಿದರು. ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು 'ಮೂಡಲ ಮನೆ'. ಹೆಸರು ಕೇಳಿದೊಡನೆ ಬೇಂದ್ರೆಯವರ 'ಬೆಳಗು' ಕನ್ನಡಿಗನ ಕಿವಿಯಲ್ಲಿ ಮೊಳಗುತ್ತದೆ. 2000ದಲ್ಲಿ ಆರಂಭವಾದ, ಈಗ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡಿರುವ ಈಟಿವಿ ಕನ್ನಡ ವಾಹಿನಿಯಲ್ಲಿ ಅದು ಮೂಡಿಬಂತು. ಉತ್ತರ ಕರ್ನಾಟಕದ ಒಂದು ದೊಡ್ಡ ಕುಟುಂಬ. ಅಲ್ಲಿಯ ಅಜ್ಜ, ಅತ್ತೆ, ಸೊಸೆ, ಮೈದುನ ಎಲ್ಲರ ಬಾಯಲ್ಲೂ ಅಲ್ಲಿಯದೇ ಮಾತು. ಆ ಮಾತಿನಲ್ಲಿಯೇ ಅವರು ಮುನಿದರು, ಹಿಸೆ ಕೇಳಿದರು, ಮದುವೆ ಮಾತಾಡಿದರು, ಅತ್ತರು.

ದಿನವಹಿ ಧಾರಾವಾಹಿಯ ನಿರ್ದೇಶನವೆಂದರೆ ಸಾಮಾನ್ಯವಾದ ದುಡಿಮೆಯಲ್ಲ. ಸಿನಿಮಾದವನು ಒಂದು ದೃಶ್ಯವನ್ನು ನಾಲ್ಕು ದಿನ ತಿದ್ದಬಲ್ಲ. ಇಲ್ಲಿ ಇಂದಿನ ಕಂತು ಇಂದೇ ಮುಗಿಯಬೇಕು, ನಾಳೆಯದು ಬಾಯಿ ತೆರೆದು ಕಾಯುತ್ತಿರುತ್ತದೆ. ಆ ಅವಸರದಲ್ಲಿ ಮೊದಲು ಸೋರಿಹೋಗುವುದು ಮಾತಿನ ಶುದ್ಧಿ. ಬೆಂಗಳೂರಿನ ನಟನಿಗೆ 'ಹೋಗ್ತೀನಿ' ಎಂದೇ ನಾಲಗೆ ಹೊರಳುತ್ತದೆ. ಅದನ್ನು 'ಹೋಗ್ತೇನ್ರಿ' ಎಂದು, ಅದೂ ನಗೆ ಬಾರದಂತೆ, ಆಡಿಸುವುದಕ್ಕೆ ಕಿವಿ ಇದ್ದವರು ಬೇಕು. ಮೈಸೂರು ಸೀಮೆಯ ಮನೆಗಳು ಉತ್ತರದ ಮಾತನ್ನು ಪ್ರತಿ ಸಂಜೆ ನಗದೆ ಕೇಳಿದ್ದು ಸಣ್ಣ ಸಂಗತಿಯಲ್ಲ. ಶಿಕಾರಿಪುರ ಸೊರಬಗಳ ಸಂತೆಯವರಿಗೆ ಇದರಲ್ಲಿ ಹೊಸತೇನೂ ಕಾಣಬೇಕಾಗಿರಲಿಲ್ಲ; ಅವರ ಬಸ್ಸಿನ ಹಿಂದಿನ ಸೀಟು ಪೆಟ್ಟಿಗೆಯೊಳಗೆ ಬಂದು ಕುಳಿತಂತಾಯಿತು, ಅಷ್ಟೆ.

ವಿಮರ್ಶಕರು ಧಾರಾವಾಹಿಯನ್ನು ಸಿನಿಮಾದ ಬಡ ತಂಗಿಯೆಂದು ಕಾಣುವುದುಂಟು. ಒಂದೇ ಮನೆಯಲ್ಲಿ ಸ್ವರ್ಣಕಮಲಗಳ ಸಿನಿಮಾವೂ ದಿನದಿನದ ಧಾರಾವಾಹಿಯೂ ಹುಟ್ಟಿದ್ದರಿಂದ ಹೋಲಿಕೆ ಇನ್ನೂ ಸುಲಭವಾಯಿತು. ಆದರೆ ಕಾಸರವಳ್ಳಿಯವರ ಚಿತ್ರಗಳನ್ನು ನೋಡಲು ಚಿತ್ರಸಮಾಜವನ್ನು ಹುಡುಕಿಕೊಂಡು ಹೋಗಬೇಕಾಗಿದ್ದ ಊರುಗಳಲ್ಲಿ, ಒಲೆಯ ಮೇಲೆ ಅನ್ನಕ್ಕಿಟ್ಟ ಗೃಹಿಣಿಯ ಬಳಿಗೆ ತಾನಾಗಿ ಬಂದದ್ದು ವೈಶಾಲಿಯವರ ಕೆಲಸ. ಎರಡರಲ್ಲಿ ಯಾವುದು ಹಿರಿದೆಂದು ಆ ಗೃಹಿಣಿಯನ್ನು ಕೇಳಿದವರಿಲ್ಲ.

2010ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ವೈಶಾಲಿ ತೀರಿಕೊಂಡರು. ವಯಸ್ಸು ಐವತ್ತೆಂಟು. ಮಗ ಅಪೂರ್ವ, ಮಗಳು ಅನನ್ಯಾ. 2006ರ 'ನಾಯಿ ನೆರಳು' ಚಿತ್ರದಲ್ಲಿ ತಂದೆಯ ನಿರ್ದೇಶನದಲ್ಲಿ ನಟಿಸಿದ್ದ ಅನನ್ಯಾ, ತಾಯಿ ಹೋದ ಆರು ವರ್ಷಗಳ ಮೇಲೆ ತಾನೂ ಕ್ಯಾಮೆರಾದ ಹಿಂದಕ್ಕೆ ನಡೆದು, ಯಕ್ಷಗಾನದ ಸ್ತ್ರೀವೇಷಧಾರಿಯೊಬ್ಬನ ಕಥೆಯಾದ 'ಹರಿಕಥಾ ಪ್ರಸಂಗ'ವನ್ನು ನಿರ್ದೇಶಿಸಿದರು.