ಬೋಲ್ಟಿನ ಬಿಗಿತವೂ ಟಾರ್ಕ್ ವ್ರೆಂಚೂ

ಎಂಜಿನ್ನಿನ ಬೋಲ್ಟನ್ನು ಬಿಗಿಯುವುದು ಕೇವಲ ತೋಳ್ಬಲದ ಕಾರ್ಯವೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ‘ಇನ್ನು ತಿರುಗದು ಎನ್ನುವವರೆಗೆ ತಿರುಗಿಸು’ ಎಂಬುದೇ ಹಲವು ಗ್ಯಾರೇಜುಗಳಲ್ಲಿ ಎಳೆಯರಿಗೆ ದೊರೆಯುವ ಮೊದಲ ಪಾಠ. ನುರಿತ ಮೇಸ್ತ್ರಿಯ ಕೈಯನ್ನು ಹೀಗಳೆಯುವ ಉದ್ದೇಶ ಈ ಲೇಖನಕ್ಕಿಲ್ಲ. ಆದರೆ ಸಿಲಿಂಡರ್ ಹೆಡ್ಡಿನ ವಿಷಯದಲ್ಲಿ ಆ ಕೈಯೂ ಮೋಸಹೋಗುವುದುಂಟು.

ಬೋಲ್ಟು ನೋಡಲು ಗೂಟದಂತಿದ್ದರೂ ಗುಣದಲ್ಲಿ ಅದೊಂದು ಸ್ಪ್ರಿಂಗು. ಬಿಗಿದಂತೆಲ್ಲ ಅದು ಕೂದಲೆಳೆಯಷ್ಟು ಉದ್ದವಾಗುತ್ತದೆ. ಮೊದಲಿನ ಅಳತೆಗೆ ಮರಳಲು ಹವಣಿಸುವ ಆ ಸೆಳೆತವೇ ಹೆಡ್ಡನ್ನೂ ಬ್ಲಾಕನ್ನೂ ಒತ್ತಿ ಹಿಡಿಯುತ್ತದೆ. ನಮಗೆ ಬೇಕಾದದ್ದು ಈ ಸೆಳೆತ. ವ್ರೆಂಚು ಅಳೆಯುವುದಾದರೋ ತಿರುಚುಬಲವನ್ನು, ಅಂದರೆ ಹಿಡಿಕೆಯ ಉದ್ದ ಮತ್ತು ಅದರ ಮೇಲೆ ಹಾಕಿದ ಬಲ ಇವೆರಡರ ಗುಣಲಬ್ಧವನ್ನು. ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ 120 ನ್ಯೂಟನ್, ಎಂದರೆ ಸುಮಾರು 12 ಕಿಲೋಗ್ರಾಂ ಭಾರದಷ್ಟು ಬಲ ಹಾಕಿದರೆ 60 ನ್ಯೂಟನ್-ಮೀಟರ್ ಆಯಿತು. ಇದರಲ್ಲಿ ಸುಮಾರು ಅರ್ಧಭಾಗ ಬೋಲ್ಟಿನ ತಲೆಯಡಿಯ ಘರ್ಷಣೆಗೂ, ಶೇಕಡಾ 40ರಷ್ಟು ಥ್ರೆಡ್ಡುಗಳ ಘರ್ಷಣೆಗೂ ವೆಚ್ಚವಾಗಿ, ಬೋಲ್ಟನ್ನು ಎಳೆಯಲು ಉಳಿಯುವುದು ಹತ್ತರಲ್ಲೊಂದು ಪಾಲು ಮಾತ್ರ!

ಎಲ್ಲ ಎಡವಟ್ಟಿನ ಮೂಲ ಇಲ್ಲಿಯೇ ಇದೆ. 10 ಮಿಲಿಮೀಟರ್ ದಪ್ಪದ ಒಣ ಬೋಲ್ಟನ್ನು 60 ನ್ಯೂಟನ್-ಮೀಟರಿಗೆ ಬಿಗಿದರೆ ಸುಮಾರು 3 ಟನ್ನಿನಷ್ಟು ಸೆಳೆತ ಹುಟ್ಟುತ್ತದೆ. ಅದೇ ಬೋಲ್ಟಿಗೆ ಎಣ್ಣೆ ಸವರಿ ಅಷ್ಟೇ ಬಿಗಿದರೆ, ಘರ್ಷಣೆ ತಗ್ಗಿ, ಸೆಳೆತ 4 ಟನ್ನಿನ ಸಮೀಪಕ್ಕೆ ಏರಬಹುದು. ‘8.8’ ಎಂದು ತಲೆಯ ಮೇಲೆ ಮುದ್ರೆಯುಳ್ಳ ಸಾಮಾನ್ಯ ಬೋಲ್ಟು ಅಷ್ಟನ್ನು ತಾಳದೆ ಶಾಶ್ವತವಾಗಿ ಹಿಗ್ಗಿಬಿಡುತ್ತದೆ. ಒಳ್ಳೆಯದಕ್ಕೆಂದು ಹಾಕಿದ ಎಣ್ಣೆಯೇ ಕೆಡುಕಾಯಿತು. ಆದುದರಿಂದ ಒಣಗಿಸಿ ಬಿಗಿಯಬೇಕೋ ಎಣ್ಣೆ ಹಚ್ಚಿ ಬಿಗಿಯಬೇಕೋ ಎಂಬುದನ್ನು ಎಂಜಿನ್ನಿನ ಕೈಪಿಡಿ ನೋಡಿಯೇ ನಿರ್ಧರಿಸತಕ್ಕದ್ದು. ಬೋಲ್ಟಿನ ಕುಳಿಯಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಅದರ ಒತ್ತಡಕ್ಕೆ ಬ್ಲಾಕೇ ಸೀಳಬಹುದು.

ಇನ್ನು ಬಿಗಿಯುವ ಕ್ರಮ. ಪುಸ್ತಕಕ್ಕೆ ಹೊದಿಕೆ ಅಂಟಿಸುವಾಗ ನಡುವಿನಿಂದ ಅಂಚಿಗೆ ಕೈಯಾಡಿಸುವಂತೆ, ಸಾಮಾನ್ಯವಾಗಿ ನಡುವಣ ಬೋಲ್ಟುಗಳಿಂದ ಆರಂಭಿಸಿ ಹೊರಕ್ಕೆ ಸಾಗಬೇಕು. ಅದೂ 20, 40, 60 ಎಂದು ಹಂತಹಂತವಾಗಿ. ಹೀಗಲ್ಲದೆ ಒಂದು ಮೂಲೆಯನ್ನೇ ಮೊದಲು ಬಿಗಿದರೆ ಹೆಡ್ಡು ಡೊಂಕಾಗಿ ಗ್ಯಾಸ್ಕೆಟ್ ಸೋರೀತು. ನೀರು ಎಣ್ಣೆಗೆ ಸೇರಿ ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತೆಂದರೆ ಬೇರಿಂಗುಗಳಿಗೂ ಉಳಿಗಾಲವಿಲ್ಲ.

ವ್ರೆಂಚನ್ನು ಹಿಡಿಕೆಯ ನಡುವೆ ಹಿಡಿದು ನಿಧಾನವಾಗಿ ಎಳೆಯಬೇಕು. ‘ಟಕ್’ ಎಂದೊಡನೆ ನಿಲ್ಲಿಸಬೇಕು. ಸಮಾಧಾನಕ್ಕೆಂದು ಇನ್ನೊಮ್ಮೆ ಎಳೆಯುವ ಚಾಳಿ ಬಹುಜನರಿಗಿದೆ. ಅದು ಅಳತೆಯನ್ನೇ ಕೆಡಿಸುತ್ತದೆ. ಬಿಗಿದ ಬೋಲ್ಟನ್ನು ಸಡಿಲಿಸಲು ಇದನ್ನು ಬಳಸಕೂಡದು. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಗುರುತಿಗೆ ಇಳಿಸಿಡಬೇಕು; ವರ್ಷಕ್ಕೊಮ್ಮೆಯಾದರೂ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಬೇಕು.

ಇತ್ತೀಚಿನ ಅನೇಕ ಎಂಜಿನ್ನುಗಳಲ್ಲಿ ನಿಗದಿಯಾದ ಬಿಗಿತದ ನಂತರ ಮತ್ತೆ 90 ಡಿಗ್ರಿ ತಿರುಗಿಸುವ ಪದ್ಧತಿಯಿದೆ. ಘರ್ಷಣೆಯ ಏರುಪೇರನ್ನು ದಾಟುವ ಉಪಾಯವಿದು. ಆದರೆ ಹೀಗೆ ಬಿಗಿದ ಬೋಲ್ಟು ಉದ್ದೇಶಪೂರ್ವಕವಾಗಿಯೇ ಹಿಗ್ಗಿರುವುದರಿಂದ, ಅದನ್ನು ಮರಳಿ ಬಳಸಬಾರದೆಂದು ಹೆಚ್ಚಿನ ತಯಾರಕರು ವಿಧಿಸುತ್ತಾರೆ. ಕಣ್ಣಿಗೆ ಹಳೆಯದೂ ಹೊಸದೂ ಒಂದೇ; ಉದ್ದವನ್ನು ಅಳೆದಾಗಲೇ ವ್ಯತ್ಯಾಸ ತಿಳಿಯುವುದು.